ಕಾರಿನ ಟಾಪು, ಅಪ್ಪ ಆಡದ ಮಾತು

ಅಪ್ಪ ಆ ಮಾತು ಹೇಳಿರಲಿಲ್ಲ. ಕಾರಿನ ಟಾಪು ತೆಗೆಸಿ ಬಟ್ಟೆಯ ಹುಡ್ ಹಾಕಿಸಿ ಎಂದು ಅಪ್ಪ ನನ್ನ ಹತ್ತಿರ ಹೇಳಿ ಹೋಗಿದ್ದಾರೆ ಎಂಬುದು ನಾನು ಕಟ್ಟಿದ ಸುಳ್ಳು. ಅದನ್ನು ನಂಬಿ ನನ್ನ ಅಣ್ಣ ಶಿವು ಕಾರಿಗೆ ಗರಗಸ ಹಾಕಿದ. ಅಪ್ಪ ಬಂದು ಕೇಳಿದಾಗ, ನಾನು ಹಾಗೆ ಹೇಳಿಯೇ ಇಲ್ಲ ಎಂದುಬಿಟ್ಟೆ. ಅಂದರೆ ಒಂದಲ್ಲ, ಎರಡು ಸುಳ್ಳು. ಮೊದಲನೆಯದು ಆಸೆಗೆ ಹೇಳಿದ್ದು. ಎರಡನೆಯದು — ಎರಡನೆಯದಕ್ಕೆ ಸರಿಯಾದ ಹೆಸರು ನನಗೆ ಇವತ್ತಿಗೂ ಸಿಕ್ಕಿಲ್ಲ. ಭಯ ಎಂದರೆ ತೀರಾ ಹಗುರವಾಗುತ್ತದೆ.

ನಮ್ಮ ನೆಂಟರಲ್ಲಿ, ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ, ಈ ಕಥೆಯನ್ನು ಇನ್ನೂ ತಪ್ಪಾಗಿಯೇ ಹೇಳುವವರಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಆದರೆ ಬರೆಯಲು ಕೂತರೆ ಮೊದಲು ನುಗ್ಗಿ ಬರುವುದು ತಪ್ಪಲ್ಲ, ಸಂತೋಷ. ಅದನ್ನೂ ಮುಚ್ಚಿಡಬಾರದು. ಅಂಥ ಒಂದು ತಿಂಗಳು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ.

ಅದು ಎಂಬತ್ತೆಂಟನೇ ಇಸವಿ. ನನಗೆ ಇಪ್ಪತ್ತಮೂರು, ಶಿವುಗೆ ಇಪ್ಪತ್ತಾರು. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾಗಿದ್ದರು. ಮೇಲೂರಿನ ಹತ್ತಿರ ನಮ್ಮದೊಂದಿಷ್ಟು ಹಿಪ್ಪುನೇರಳೆ ತೋಟ. ನಾನು ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಶಿವು ಬಿ.ಎಸ್ಸಿ. ಎರಡು ಸಲ ಕಟ್ಟಿ ಎರಡು ಸಲವೂ ಗಣಿತದಲ್ಲೇ ಫೇಲಾಗಿದ್ದ — ಗಣಿತದ ಮೇಷ್ಟ್ರ ಮಗ. ಆಮೇಲೆ ಅವನು ಪಂಪ್‌ಸೆಟ್ ಬಿಚ್ಚಿ ಜೋಡಿಸುತ್ತ, ಊರವರ ಸ್ಕೂಟರ್ ರಿಪೇರಿ ಮಾಡುತ್ತ ತಿರುಗುತ್ತಿದ್ದ. ಕೆಲಸ ಚೆನ್ನಾಗಿ ಬರುತ್ತಿತ್ತು. ಅಪ್ಪನಿಗೆ ಮಾತ್ರ ಅದು ಕೆಲಸವಾಗಿ ಕಾಣುತ್ತಿರಲಿಲ್ಲ.

ಕಾರು ಅಪ್ಪನದು. ಎರಡು ಬಾಗಿಲಿನ ಪುಟ್ಟ ವಿಲಾಯತಿ ಕಾರು, ತಿಳಿ ಬೂದು ಬಣ್ಣ, ಆಮೆಯ ಬೆನ್ನಿನಂಥ ದುಂಡನೆಯ ಟಾಪು. ನಾನು ಹುಟ್ಟುವ ಮೊದಲೇ ಚಿಂತಾಮಣಿಯ ಒಬ್ಬ ಡಾಕ್ಟರಿಂದ ಕೊಂಡಿದ್ದರಂತೆ. ಪ್ರತಿ ಭಾನುವಾರ ಪಂಚೆ ಎತ್ತಿ ಕಟ್ಟಿ, ತಾವೇ ತೊಳೆದು ಒರೆಸುತ್ತಿದ್ದರು. ಶಿವು ಎಂಜಿನ್ ನೋಡಬಹುದಿತ್ತು. ತೊಳೆಯುವ ಹಕ್ಕು ಅವನಿಗೂ ಇರಲಿಲ್ಲ.

ರವಿಕೆಯ ಮಾದರಿಗೆಂದು ಯಾರೋ ಕೊಟ್ಟ ಹಳೆಯ ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಒಂದು ಚಿತ್ರ ನೋಡಿದೆ. ನಮ್ಮದೇ ಕಾರು — ಅದೇ ಕಣ್ಣು, ಅದೇ ಮೂಗು. ಆದರೆ ಮೇಲೆ ಟಾಪಿಲ್ಲ. ಹಿಂದುಗಡೆ ಬಟ್ಟೆಯ ಹುಡ್ ಮಡಚಿ ಕೂತಿದೆ. ಒಬ್ಬಳು ಹೆಂಗಸು ಸ್ಟಿಯರಿಂಗ್ ಹಿಡಿದು ನಗುತ್ತಿದ್ದಾಳೆ, ಕೂದಲು ಗಾಳಿಗೆ ಹಾರುತ್ತಿದೆ. ಆ ಪುಟ ಹರಿದು ಮಿಷನ್ನಿನ ಡ್ರಾಯರಿನಲ್ಲಿಟ್ಟೆ. ದಿನಕ್ಕೆ ಎಷ್ಟು ಸಲ ತೆಗೆದು ನೋಡುತ್ತಿದ್ದೆನೋ. ಆ ಹೆಂಗಸನ್ನಲ್ಲ ನಾನು ನೋಡುತ್ತಿದ್ದುದು, ಹುಡ್ಡಿನ ಹೊಲಿಗೆಯನ್ನು. ಮೂರು ಪಟ್ಟಿ, ಅಂಚಿಗೆ ಮಡಿಕೆ, ಹಿಂದೆ ಗಾಜಿನ ಬದಲು ಪಾರದರ್ಶಕ ಪ್ಲಾಸ್ಟಿಕ್ಕು. ಇದನ್ನು ನಾನು ಹೊಲಿಯಬಲ್ಲೆ ಎಂದು ಅನ್ನಿಸಿದ ಕ್ಷಣ ಬೆರಳೆಲ್ಲ ಜುಮ್ಮೆಂದಿತು. ಊರಿನ ಎಲ್ಲ ಹೆಂಗಸರ ತೋಳಿನ ಅಳತೆ ನನಗೆ ಬಾಯಿಪಾಠವಾಗಿತ್ತು. ಒಂದು ಕಾರಿನ ಅಳತೆ ತೆಗೆದವರು ಯಾರಿದ್ದಾರೆ?

ಆ ವರ್ಷ ಅಪ್ಪ ಅಮ್ಮ ಕಾಶಿಗೆ ಹೊರಟರು. ಮೂವತ್ತು ದಿನದ ಯಾತ್ರೆ. ಹೊರಡುವ ಹಿಂದಿನ ದಿನ ಮಳೆ ಬಂದು ಕಾರಿನ ಟಾಪಿನ ಮೂಲೆಯಿಂದ ಎರಡು ಹನಿ ಸೀಟಿನ ಮೇಲೆ ಬಿತ್ತು. ಅಪ್ಪ ಬೆರಳಿನಿಂದ ಒರೆಸಿ, “ಸೋರ್ತಾ ಇದೆಯಲ್ಲಮ್ಮ. ಬಂದ ಮೇಲೆ ಏನಾದ್ರೂ ಮಾಡಿಸ್ಬೇಕು” ಎಂದರು. ಅಷ್ಟೇ ಹೇಳಿದ್ದು. ‘ಬಂದ ಮೇಲೆ’ ಎಂದಿದ್ದರು. ‘ಏನಾದ್ರೂ’ ಎಂಬ ಪದವನ್ನು ಮಾತ್ರ ಹಿಡಿದುಕೊಂಡು ನಾನು ಎಷ್ಟೋ ವರ್ಷ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡಿದ್ದೇನೆ. ಅದು ಸಮಾಧಾನವಲ್ಲ.

ಅವರ ಬಸ್ಸು ಹೋದ ಮಾರನೆಯ ಬೆಳಗ್ಗೆ, ಶಿವು ತಿಂಡಿಗೆ ಕೂತಿದ್ದಾಗ, ಆ ಪುಟವನ್ನು ಅವನ ತಟ್ಟೆಯ ಪಕ್ಕ ಇಟ್ಟೆ. ನೋಡಿದ. ಕೈಯಲ್ಲಿದ್ದ ದೋಸೆ ಹಾಗೇ ಉಳಿಯಿತು.

“ನಮ್ದೇ ಗಾಡಿ ಅಲ್ವೇನೇ ಇದು?”

“ನಮ್ದೂ ಹಿಂಗಾಗ್ಬಹುದಾ ಅಣ್ಣ?”

“ಆಗತ್ತೆ. ಯಾಕಾಗಲ್ಲ. ಆದ್ರೆ ಅಪ್ಪ ಸಾಯಿಸ್ಬಿಡ್ತಾರೆ ಕಣೇ.”

ಆಗ ನಾನು ಹೇಳಿದೆ. ಯೋಚಿಸಿ ಹೇಳಿದ್ದಲ್ಲ; ಆದರೆ ತಡವರಿಸಲೂ ಇಲ್ಲ. “ಅಪ್ಪನೇ ಹೇಳಿದ್ದು ಕಣೋ. ಟಾಪು ಸೋರ್ತಾ ಇದೆ, ಶಿವುಗೆ ಹೇಳಿ ತೆಗೆಸಿ ಹುಡ್ ಹಾಕ್ಸಮ್ಮ, ಬರೋ ಹೊತ್ತಿಗೆ ಆಗಿರ್ಲಿ ಅಂದ್ರು. ನಿನಗೇ ನೇರ ಹೇಳಕ್ಕೆ — ನಿನಗೆ ಗೊತ್ತಲ್ಲ ಅಪ್ಪ.”

ಶಿವು ನನ್ನ ಮುಖ ನೋಡಿದ. ಅವನ ಕಣ್ಣಲ್ಲಿ ಏನೋ ನಿಧಾನವಾಗಿ ಹೊತ್ತಿಕೊಂಡಿತು. “ಶಿವುಗೆ ಹೇಳಿ ಅಂದ್ರಾ? ನನ್ನ ಹೆಸರು ಹೇಳಿದ್ರಾ?”

“ಹೂಂ.”

ಕಾರಿನ ಆಸೆಗಿಂತ ಹೆಚ್ಚಾಗಿ ಆ ಒಂದು ‘ಹೂಂ’ ಅವನನ್ನು ಎಬ್ಬಿಸಿ ನಿಲ್ಲಿಸಿತು ಎಂದು ಈಗ ನನಗೆ ಗೊತ್ತು. ಅಪ್ಪ ತನ್ನ ಕೈಕೆಲಸವನ್ನು ನಂಬಿ ಕಾರು ಬಿಟ್ಟು ಹೋಗಿದ್ದಾರೆ ಎಂದುಕೊಂಡ. ಕೈ ತೊಳೆದವನೇ ನೇರ ಅನ್ವರನ ಶೆಡ್ಡಿಗೆ ಹೋದ.

ಅನ್ವರ್ ಶಿವುವಿನ ಗೆಳೆಯ, ವೆಲ್ಡಿಂಗ್ ಕೆಲಸದವನು. ರೇಷ್ಮೆ ನೂಲು ಬಿಚ್ಚುವ ಮನೆಗಳಿಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಮಾಡಿಕೊಡುತ್ತಿದ್ದ. ಬಂದು ಕಾರಿನ ಕೆಳಗೆ ಮಲಗಿ ನೋಡಿ, ಎದ್ದು ಮೈ ಕೊಡವಿಕೊಂಡು ನನ್ನನ್ನೇ ಕೇಳಿದ: “ಅಮ್ಮ, ಟಾಪು ಅಂದ್ರೆ ಬರೀ ನೆರಳಲ್ಲ. ಗಾಡಿಗೆ ಅದೇ ಬಿಗಿ. ತೆಗೆದ್ರೆ ನಡುವೆ ಜಗ್ಗುತ್ತೆ, ಬಾಗಿಲು ಹಾಕೋಕಾಗಲ್ಲ. ಮೊದ್ಲು ಕೆಳಗೆ ಎರಡೂ ಕಡೆ ಕಬ್ಬಿಣದ ಚಾನೆಲ್ ಕೊಟ್ಟು ಬಿಗಿ ಮಾಡ್ಬೇಕು. ಅದನ್ನ ನಾನು ಮಾಡ್ತೀನಿ. ಆದ್ರೆ ಒಂದ್ಸಲ ಕುಯ್ದ್ರೆ ಮತ್ತೆ ಕೂಡ್ಸಕ್ಕಾಗಲ್ಲ. ಯಜಮಾನ್ರು ಹೇಳಿದಾರಾ?”

“ಹೇಳಿದಾರೆ” ಎಂದೆ. ಎರಡನೇ ಸಲ ಹೇಳುವಾಗ ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ.

ಆಮೇಲೆ ಶುರುವಾಯಿತು ನೋಡಿ ಹಬ್ಬ. ಒಂದು ವಾರ ಕಾರಿನ ಹೊಟ್ಟೆಯ ಕೆಳಗೆ ಬೆಂಕಿಯ ಕಿಡಿಗಳು. ಚಾನೆಲ್ ಕೂತಿತು, ಸೀಟುಗಳ ಹಿಂದೆ ಅಡ್ಡಕ್ಕೊಂದು ಪಟ್ಟಿ ಕೂತಿತು. ಎಂಟನೆಯ ದಿನ ಟಾಪಿನ ಸರದಿ. ಗ್ಯಾಸಿನಲ್ಲಿ ಕುಯ್ದರೆ ಅಂಚು ಸುಟ್ಟು ಸೊಟ್ಟಗಾಗುತ್ತದೆಂದು ಗರಗಸದ ಬ್ಲೇಡಿನಲ್ಲೇ ಕುಯ್ಯುವುದೆಂದು ತೀರ್ಮಾನವಾಯಿತು. “ಗೆರೆ ಯಾರು ಹಾಕ್ತೀರ?” ಎಂದ ಅನ್ವರ್. ಶಿವು ನನ್ನ ಕಡೆ ನೋಡಿದ. ನಾನು ರವಿಕೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತಂದು, ಸ್ಟೂಲು ಹತ್ತಿ, ಮುಂದಿನ ಗಾಜಿನಿಂದ ಮೇಲಕ್ಕೆ ಎರಡು ಬೆರಳು ಬಿಟ್ಟು ಒಂದೇ ಉಸಿರಿಗೆ ಗೆರೆ ಎಳೆದೆ. ಆ ಗೆರೆ ನನ್ನದು. ಎಲ್ಲರಿಗೂ ಗೊತ್ತಾಗಲಿ — ಮೊದಲ ಗೆರೆ ನನ್ನದು.

ಕುಯ್ಯಲು ಎರಡು ದಿನ ಹಿಡಿಯಿತು. ಕೊನೆಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಜನ ಹಿಡಿದು ಟಾಪನ್ನು ಎತ್ತಿದಾಗ ಕಾರಿನೊಳಕ್ಕೆ ಬಿಸಿಲು ಸುರಿಯಿತು. ಇಪ್ಪತ್ತೈದು ಮೂವತ್ತು ವರ್ಷದಿಂದ ಸೂರ್ಯನನ್ನು ಕಾಣದ ಆ ಕೆಂಪು ಸೀಟುಗಳು ಒಮ್ಮೆಲೇ ಹೊಳೆದವು. ಅನ್ವರ್ ಮೆಲ್ಲಗೆ ಹೋಗಿ ಎಡಗಡೆಯ ಬಾಗಿಲು ತೆಗೆದು ಹಾಕಿದ. ಟಕ್ ಎಂದು ಕೂತಿತು. ಬಲಗಡೆಯದೂ ಕೂತಿತು. ಅವನು ನೆಲಕ್ಕೆ ಕುಕ್ಕರಿಸಿ ನಗಲು ಶುರುಮಾಡಿದ, ಶಿವು ಅವನ ಬೆನ್ನಿಗೆ ಗುದ್ದಿದ, ನಾನು ಯಾಕೋ ಅಳುತ್ತಿದ್ದೆ.

ಹುಡ್ಡಿನ ಕೆಲಸ ನನ್ನದು. ಶಿವು ಪೈಪು ಬಗ್ಗಿಸಿ ಮೂರು ಕಮಾನು ಮಾಡಿ, ಹಿಂದಕ್ಕೆ ಮಡಚಿಕೊಳ್ಳುವಂತೆ ಕೀಲು ಕೂರಿಸಿಕೊಟ್ಟ. ಜೀಪಿಗೆ ಹಾಕುವ ಕಪ್ಪು ಕ್ಯಾನ್ವಾಸು ಚಿಕ್ಕಬಳ್ಳಾಪುರದಿಂದ ಬಂತು. ಮೊದಲು ಹಳೆಯ ದುಪ್ಪಟಿಯಲ್ಲಿ ಕತ್ತರಿಸಿ, ಕಾರಿಗೆ ತೊಡಿಸಿ, ಪಿನ್ನು ಚುಚ್ಚಿ ಅಳತೆ ನೋಡಿದೆ, ಮದುವೆ ಹೆಣ್ಣಿಗೆ ನೋಡುವ ಹಾಗೆ. ನನ್ನ ಮಿಷನ್ನಿಗೆ ಕ್ಯಾನ್ವಾಸು ಜಗ್ಗಲಿಲ್ಲ. ಸೂಜಿಗಳು ಒಂದರ ಹಿಂದೊಂದು ಮುರಿದವು. ಕೊನೆಗೆ ದಪ್ಪ ಸೂಜಿ ತರಿಸಿ, ದಾರಕ್ಕೆ ಮೇಣ ಸವರಿ, ಮಡಿಕೆ ಬಂದಲ್ಲೆಲ್ಲ ಪೆಡಲು ಬಿಟ್ಟು ಚಕ್ರವನ್ನು ಕೈಯಿಂದಲೇ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿದೆ. ಆ ಹೊಲಿಗೆಗಳು ನೆಟ್ಟಗಿದ್ದವು. ಇಷ್ಟು ವರ್ಷದ ಮೇಲೆ ಹೇಳಿಕೊಳ್ಳಲು ನಾಚಿಕೆಯಿಲ್ಲ, ಬಹಳ ನೆಟ್ಟಗಿದ್ದವು.

ಮನೆಯಲ್ಲಿ ನಮ್ಮೊಂದಿಗೆ ಇದ್ದದ್ದು ಅಜ್ಜಿ, ಅಪ್ಪನ ತಾಯಿ. ಕಿವಿ ಮಂದ, ಅರ್ಧ ಕನ್ನಡ ಅರ್ಧ ತೆಲುಗು. ಅವಳು ಮೊದಲ ದಿನ, “ಏಮ್ರಾ ಶಿವು, ಅಪ್ಪನ ಗಾಡಿ ತಲೆ ತೆಗೀತಿದೀಯಾ?” ಎಂದಳು. “ಅಪ್ಪನೇ ಹೇಳಿರೋದಜ್ಜಿ” ಎಂದು ಶಿವು ಅವಳ ಕಿವಿಯಲ್ಲಿ ಕೂಗಿದ. ಎಷ್ಟು ಹೆಮ್ಮೆಯಿಂದ ಕೂಗಿದ. ಅಜ್ಜಿ ಒಪ್ಪಿಕೊಂಡು, ತೆಗೆದಿಟ್ಟ ಟಾಪನ್ನು ಅಂಗಳದಲ್ಲಿ ಬೋರಲು ಹಾಕಿಸಿ, ಅದರ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಒಣಗಿಸತೊಡಗಿದಳು.

ಅಪ್ಪ ಅಮ್ಮ ಬರಲು ಇನ್ನೂ ನಾಲ್ಕು ದಿನವಿತ್ತು. ಬೆಳಗ್ಗೆ ಎಂಟಕ್ಕೆ ಹುಡ್ ಮಡಚಿ, ಅಜ್ಜಿಯನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಚಿಕ್ಕಬಳ್ಳಾಪುರದಲ್ಲಿ ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು. ಹೆದ್ದಾರಿಗೆ ತಿರುಗಿ ಪೆರೇಸಂದ್ರದ ಕಡೆ ಹೋಗುವಾಗ ಶಿವು ಗಾಡಿ ನಿಲ್ಲಿಸಿ ಇಳಿದು, “ಈ ಕಡೆ ಬಾ, ನೀನು ಓಡ್ಸು” ಎಂದ. ಮೂರು ಗೇರು ಅವನೇ ಹೇಳಿ ಹಾಕಿಸಿದ. ನಾಲ್ಕನೆಯದನ್ನು ನಾನೇ ಹಾಕಿದೆ. ಗಾಳಿ ಮುಖಕ್ಕೆ ಬಡಿದು ಕಣ್ಣಲ್ಲಿ ನೀರು, ಜಡೆ ಬಿಚ್ಚಿಹೋಗಿ ಬಾಯಲ್ಲೆಲ್ಲ ಕೂದಲು, ಬೆಟ್ಟಗಳೆಲ್ಲ ಜೊತೆಗೆ ಓಡುತ್ತಿದ್ದವು. ಹಿಂದೆ ಅಜ್ಜಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರಿಗೆ ಎಂದಿಲ್ಲದೆ, “ಇನ್ನೂ ಜೋರಾಗಿ ಹೋಗಣ” ಎನ್ನುತ್ತಿದ್ದಳು. ಶಿವು ಪಕ್ಕದಲ್ಲಿ ಕೂತು ಬಾಗಿಲನ್ನು ತಟ್ಟುತ್ತ, “ಅಪ್ಪನ್ನ ಬಸ್ ಸ್ಟ್ಯಾಂಡಿಗೆ ಇದ್ರಲ್ಲೇ ಕರ್ಕೊಂಡು ಬರಕ್ಕೆ ಹೋಗಣ ಕಣೇ” ಎಂದ.

ಆಗ ಹೇಳಬಹುದಿತ್ತು. ಗಾಡಿ ನಿಲ್ಲಿಸಿ ಅಲ್ಲೇ ಹೇಳಿದ್ದರೆ — ಇನ್ನೂ ನಾಲ್ಕು ದಿನವಿತ್ತು. ಇಬ್ಬರೂ ಸೇರಿ ಏನಾದರೂ ದಾರಿ ಹುಡುಕುತ್ತಿದ್ದೆವು, ಇಬ್ಬರೂ ಸೇರಿ ಬೈಸಿಕೊಳ್ಳುತ್ತಿದ್ದೆವು. ನಾನು ಗಾಡಿ ಓಡಿಸುತ್ತಲೇ ಇದ್ದೆ.

ಬಸ್ ಸ್ಟ್ಯಾಂಡಿಗೆ ಹೋಗುವ ಅವಕಾಶವೇ ಬರಲಿಲ್ಲ. ಅವರು ಒಂದು ದಿನ ಮುಂಚೆಯೇ, ಮಧ್ಯಾಹ್ನದ ಹೊತ್ತು ಜಟಕಾದಲ್ಲಿ ಬಂದಿಳಿದರು. ಅಪ್ಪ ಗೇಟು ತೆಗೆದು ಮೊದಲು ಕಂಡದ್ದು ಕಾರನ್ನಲ್ಲ, ಅಂಗಳದಲ್ಲಿ ಬೋರಲು ಬಿದ್ದ ಟಾಪನ್ನು, ಅದರ ಮೇಲಿನ ಸಂಡಿಗೆಯನ್ನು. ಸೀರೆಯ ಅಂಚನ್ನು ಎತ್ತಿ ಕೆಳಗಿನ ಬಣ್ಣ ನೋಡಿದರು. ಆಮೇಲೆ ಕಾರು ನಿಲ್ಲಿಸುವ ಶೆಡ್ಡಿನ ಕಡೆ ನೋಡಿದರು. ಕೈಯಲ್ಲಿದ್ದ ಗಂಗೆಯ ತಂಬಿಗೆಯನ್ನು ಜೋಪಾನವಾಗಿ ಜಗಲಿಯ ಮೇಲಿಟ್ಟರು.

ಶಿವು ಒಳಗಿನಿಂದ ಓಡಿಬಂದ. ಮುಖದ ತುಂಬ ನಗು. “ನಾಳೆ ಬರ್ತೀರ ಅಂತಿದ್ದೆ ಅಪ್ಪ. ಹೆಂಗಿದೆ ನೋಡಿ, ಬಾಗಿಲು ಒಂದು ಕೂದಲೂ ಆಚೀಚೆ ಆಗಿಲ್ಲ.”

ಅಪ್ಪ ಕೂಗಾಡಲಿಲ್ಲ. “ಯಾರು ಹೇಳಿದ್ದು ನಿನಗೆ?” ಎಂದು ಕೇಳಿದರು.

ಶಿವುವಿನ ನಗು ಇನ್ನೂ ಅರ್ಧ ಉಳಿದಿತ್ತು. “ನೀವೇ ಹೇಳಿದ್ರಂತಲ್ಲಪ್ಪ, ಹೊರಡೋ ಮುಂಚೆ. ವನಜನ ಹತ್ರ.”

ಅಪ್ಪ ನನ್ನ ಕಡೆ ತಿರುಗಿದರು. “ಹೌದೇನಮ್ಮ?”

ಅಮ್ಮ ನೋಡುತ್ತಿದ್ದಳು. ಅಜ್ಜಿ ನೋಡುತ್ತಿದ್ದಳು. ಜಟಕಾದವನೂ ನಿಂತಿದ್ದ. ಮುಂದಿನ ವಾರ ನನ್ನನ್ನು ನೋಡಲು ಚಿಕ್ಕಬಳ್ಳಾಪುರದಿಂದ ಗಂಡಿನ ಕಡೆಯವರು ಬರುವವರಿದ್ದರು — ಅದೂ ಆ ಗಳಿಗೆಯಲ್ಲಿ ತಲೆಗೆ ಬಂತು.

“ಇಲ್ಲಪ್ಪ” ಎಂದೆ. “ನಾನು ಹಾಗೆ ಹೇಳೇ ಇಲ್ಲ.”

ಶಿವು ನನ್ನ ಕಡೆ ನೋಡಿದ. ಸಿಟ್ಟಿನಿಂದಲ್ಲ. ನಡೆಯುವಾಗ ಇದ್ದಕ್ಕಿದ್ದಂತೆ ಮೆಟ್ಟಿಲು ತಪ್ಪಿದವನ ಮುಖ ಹೇಗಿರುತ್ತದೋ ಹಾಗಿತ್ತು. ಈಗ ಹೇಳುತ್ತಾನೆ, ಈಗ ಅನ್ವರನನ್ನು ಕರೆಸುತ್ತಾನೆ ಎಂದು ಕಾದೆ. ಅವನು ತಲೆ ತಗ್ಗಿಸಿದ. ಅಪ್ಪ ನಿಧಾನವಾಗಿ ಹೇಳಿದರು: “ಕಾರು ಕುಯ್ದಿದ್ದಕ್ಕಲ್ಲ ಕಣೋ. ಕಾರು ಹೋದ್ರೆ ಹೋಗ್ಲಿ. ತಂಗಿ ಮೇಲೆ ಸುಳ್ಳು ಹೊರಿಸ್ತೀಯಲ್ಲ, ಅದು ನನ್ನ ಕೈಲಿ ಸಹಿಸಕ್ಕಾಗಲ್ಲ.”

ಒಂದು ವಾರ ಅಪ್ಪ ಅವನೊಂದಿಗೆ ಮಾತಾಡಲಿಲ್ಲ. ಎಂಟನೆಯ ದಿನ ಶಿವು ಒಂದು ಚೀಲದಲ್ಲಿ ಬಟ್ಟೆ, ಒಂದು ಚೀಲದಲ್ಲಿ ಸ್ಪ್ಯಾನರುಗಳನ್ನು ಹಾಕಿಕೊಂಡು ಗೌರಿಬಿದನೂರಿಗೆ ಹೋಗಿ ಒಂದು ವರ್ಕ್‌ಶಾಪಿಗೆ ಸೇರಿದ. ಆಮೇಲೆ ಅನ್ವರ್ ಒಂದು ಸಲ ದಾರಿಯಲ್ಲಿ ಸಿಕ್ಕಿದ. “ನನ್ನ ಮುಂದೇನೇ ಹೇಳಿದ್ರಲ್ಲಮ್ಮ ನೀವು” ಎಂದ. “ಯಜಮಾನ್ರಿಗೆ ನಾನೇ ಬಂದು ಹೇಳ್ತಿದ್ದೆ. ಶಿವು ಬೇಡ ಅಂತ ಆಣೆ ಹಾಕ್ಸಿದಾನೆ, ಅದಕ್ಕೆ ಸುಮ್ನಿದೀನಿ.” ನಾನು ಸೆರಗು ಸರಿಮಾಡಿಕೊಂಡು ಮುಂದೆ ನಡೆದೆ. ಅದನ್ನೂ ಬರೆಯುತ್ತಿದ್ದೇನೆ.

ಅಪ್ಪ ಆ ಕಾರಿನಲ್ಲಿ ಒಂದು ದಿನವೂ ಕೂರಲಿಲ್ಲ. ಚಿಂತಾಮಣಿಯ ಒಬ್ಬರಿಗೆ ಕೊಟ್ಟುಬಿಟ್ಟರು. ನನಗೆ ಚಿಕ್ಕಬಳ್ಳಾಪುರದಲ್ಲಿ ಮದುವೆಯಾಯಿತು. ನನ್ನ ಮದುವೆಗೆ ಶಿವು ಬಂದು, ದಿನಸಿಯ ಮೂಟೆ ಹೊತ್ತು, ಊಟ ಬಡಿಸಿ, ಅಪ್ಪನ ಎದುರು ಬೀಳದೆ ಹಾಗೇ ಹೊರಟುಹೋದ. ತೊಂಡೇಬಾವಿಯ ಹೆಣ್ಣಿನೊಂದಿಗೆ ಅವನ ಮದುವೆಯಾದಾಗ ಅಮ್ಮ ಹೋದಳು, ಅಪ್ಪ ಹೋಗಲಿಲ್ಲ. ಅಜ್ಜಿ ತೀರಿಕೊಂಡಾಗ ತಂದೆ ಮಗ ಒಂದೇ ಚಟ್ಟಕ್ಕೆ ಹೆಗಲು ಕೊಟ್ಟರು, ಒಂದು ಮಾತೂ ಆಡಲಿಲ್ಲ. ನಾನು ಪ್ರತಿ ಸಲವೂ ಅಲ್ಲಿದ್ದೆ. ಪ್ರತಿ ಸಲವೂ ಇವತ್ತು ಬೇಡ, ಜನ ಇದ್ದಾರೆ ಎಂದುಕೊಂಡೆ.

ತೊಂಬತ್ತೇಳರಲ್ಲಿ ನನ್ನ ಗಂಡನ ಕಡೆಯವರ ಮದುವೆಗೆಂದು ಚಿಂತಾಮಣಿಗೆ ಹೋಗಿದ್ದೆ. ಮದುಮಗ ಬಂದದ್ದು ನಮ್ಮ ಕಾರಿನಲ್ಲಿ. ಬಣ್ಣ ಬದಲಾಗಿತ್ತು, ಹೂವಿನಲ್ಲಿ ಮುಚ್ಚಿಹೋಗಿತ್ತು, ಆದರೆ ಹುಡ್ ಅದೇ. ನನ್ನದೇ ಹೊಲಿಗೆ, ಒಂದೂ ಬಿಚ್ಚಿರಲಿಲ್ಲ. ಜನರನ್ನು ಸರಿಸಿಕೊಂಡು ಹೋಗಿ ಅಂಚನ್ನು ಮುಟ್ಟಿದೆ. ಇದನ್ನು ಹೊಲಿದವಳು ನಾನು ಎಂದು ಹೇಳಬೇಕೆಂದು ಬಾಯಿ ತೆಗೆದೆ. ಅಷ್ಟರಲ್ಲಿ ಕಾರಿನ ಡ್ರೈವರ್ ಪಕ್ಕದವರಿಗೆ ನಗುತ್ತ ಹೇಳುತ್ತಿದ್ದ: “ಇದಕ್ಕೊಂದು ಕಥೆ ಇದೆ ಸಾರ್. ಶಿಡ್ಲಘಟ್ಟದ ಮೇಷ್ಟ್ರದು ಗಾಡಿ. ಅವ್ರು ಕಾಶಿಗೆ ಹೋದಾಗ ಮಗ ಟಾಪು ಕುಯ್ದು, ಆಮೇಲೆ ತಂಗಿ ಹೇಳಿದ್ದು ಅಂತ ಸುಳ್ಳು ಹೇಳ್ದನಂತೆ. ಎಲ್ರಿಗೂ ಹೇಳ್ತೀನಿ ಈ ಕಥೆ, ಜನ ಬಿದ್ದು ಬಿದ್ದು ನಗ್ತಾರೆ.”

ಒಂಬತ್ತು ವರ್ಷ, ಪ್ರತಿ ಮದುವೆಯಲ್ಲೂ, ಊರೂರಿನಲ್ಲೂ, ಈ ಕಾರು ನನ್ನ ಅಣ್ಣನನ್ನು ಸುಳ್ಳುಗಾರ ಎಂದು ಸಾರಿಕೊಂಡು ತಿರುಗಿತ್ತು. ನಾನು ಮುಹೂರ್ತಕ್ಕೂ ನಿಲ್ಲಲಿಲ್ಲ. ಸಿಕ್ಕ ಬಸ್ಸಿಗೆ ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ಅಪ್ಪ ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಹೇಳಿದೆ. ದೋಸೆಯ ತಟ್ಟೆಯಿಂದ ಹಿಡಿದು ಅನ್ವರ್ ಆಡಿದ ಮಾತಿನವರೆಗೆ ಎಲ್ಲ ಹೇಳಿದೆ. ಅಪ್ಪ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು. ಮುಗಿದ ಮೇಲೆ, “ಅವನ ಮದುವೆಗೆ ನಾನು ಹೋಗಲಿಲ್ಲ ವನಜ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೆಯ ಬೆಳಗ್ಗೆ ಎಪ್ಪತ್ತರ ಅಪ್ಪ ಒಬ್ಬರೇ ಕೊಡೆ ಹಿಡಿದು ಗೌರಿಬಿದನೂರಿಗೆ ಹೊರಟರು. ನಾನು ಬರುತ್ತೇನೆ ಎಂದರೆ ಬೇಡ ಎಂದರು. ಅಲ್ಲಿ ಅವರಿಬ್ಬರೂ ಏನು ಮಾತಾಡಿದರೋ ನನಗೆ ತಿಳಿಯದು. ಕೇಳುವ ಹಕ್ಕೂ ನನಗಿಲ್ಲ. ಮೂರು ದಿನದ ಮೇಲೆ ಶಿವು ಹೆಂಡತಿ ಮಗಳೊಂದಿಗೆ ಅಪ್ಪನನ್ನು ಕರೆತಂದು ಬಿಟ್ಟ. ಆಮೇಲೆ ತಿಂಗಳಿಗೆ ಎರಡು ಸಲ ಬರುತ್ತಿದ್ದ. ಅಪ್ಪ ಅವನ ಗ್ಯಾರೇಜಿನ ವಿಷಯ ಕೇಳುತ್ತಿದ್ದರು, ಗೇರಿನ ಹಲ್ಲುಗಳ ಲೆಕ್ಕವನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದರು. ಹೀಗೆ ಅವರಿಬ್ಬರಿಗೂ ಸಿಕ್ಕಿದ್ದು ಹದಿನಾಲ್ಕು ತಿಂಗಳು. ಆಮೇಲೆ ಅಪ್ಪ ಹೋದರು.

ಒಂಬತ್ತು ವರ್ಷ ನಾನು ತೆಗೆದುಕೊಂಡೆ. ಹದಿನಾಲ್ಕು ತಿಂಗಳು ವಾಪಸು ಕೊಟ್ಟೆ. ಇದರಲ್ಲಿ ಒಳ್ಳೆಯ ಕೆಲಸವೇನೂ ಇಲ್ಲ.

ಅಪ್ಪನ ವರ್ಷಾಬ್ದಿಕದ ದಿನ, ಎಲ್ಲರ ಊಟವಾದ ಮೇಲೆ, ಶಿವುವನ್ನು ಕೇಳಿದೆ: “ಅವತ್ತು ಯಾಕೆ ಸುಮ್ಮನಾದೆ ಅಣ್ಣ? ಅನ್ವರ್ ಇದ್ದನಲ್ಲ.”

ಅವನು ಎಲೆ ಮಡಚುತ್ತ ಹೇಳಿದ: “ನಮ್ಮಿಬ್ಬರಲ್ಲಿ ಯಾರಾದ್ರೂ ಒಬ್ಬರು ಸುಳ್ಳುಗಾರರು ಆಗ್ಲೇಬೇಕಾಗಿತ್ತಲ್ಲಮ್ಮ. ನನ್ನ ಮೇಲೆ ಅಪ್ಪನಿಗೆ ಹೇಗೂ ನಂಬಿಕೆ ಇರ್ಲಿಲ್ಲ. ನಿನ್ನ ಮೇಲೆ ಇದ್ದಿದ್ದೂ ಹೋಗ್ಬಿಟ್ಟಿದ್ರೆ, ಅಪ್ಪನಿಗೆ ಆಗ ಯಾರೂ ಇರ್ತಿರ್ಲಿಲ್ಲ.”

ಇದನ್ನು ಬರೆಯುತ್ತೇನೆ, ಹೆಸರು ಸಮೇತ ಎಲ್ಲರಿಗೂ ಓದಲು ಕೊಡುತ್ತೇನೆ ಎಂದೆ. ನಿನ್ನಿಷ್ಟ ಎಂದ. ಕ್ಷಮಿಸು ಎಂದು ಮಾತ್ರ ಅವನನ್ನು ನಾನು ಕೇಳಿಲ್ಲ. ಕೇಳಿದರೆ, ಮುಂದಿನ ಮಾತಿಗೂ ಕಾಯದೆ, ಅವನು ಕ್ಷಮಿಸಿಬಿಡುತ್ತಾನೆ. ಅದಕ್ಕೇ ಕೇಳಿಲ್ಲ.